ಕಿಸೆಯ ಚಾಕು ಉಪಕರಣವಾಗಿಯೇ ಉಳಿಯಲಿ

ಸಂಪಾದಕರಿಗೆ,

ಮಾನ್ಯರೆ,

ಚಾಕು ಇರಿತದ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಾಗಲೆಲ್ಲ, ನಮ್ಮ ಭಾಗದ ಹೊಲಗಳಲ್ಲಿ, ಗಂಜ್‌ಗಳಲ್ಲಿ, ಗ್ಯಾರೇಜುಗಳಲ್ಲಿ ದುಡಿಯುವವರಿಗೆ ಒಂದು ಅಳುಕು ಶುರುವಾಗುತ್ತದೆ. ದಿನದ ಕೆಲಸಕ್ಕೆಂದು ಕಿಸೆಯಲ್ಲಿ ಇಟ್ಟುಕೊಂಡ ಸಣ್ಣ ಮಡಚುವ ಚಾಕು ಪೊಲೀಸ್ ತಪಾಸಣೆಯಲ್ಲಿ ಸಿಕ್ಕರೆ ಏನಾಗುತ್ತದೆ, ಅದನ್ನು ಇಟ್ಟುಕೊಳ್ಳುವುದೇ ಅಪರಾಧವೆ ಎಂದು ಕೇಳುವವರು ಬಹಳ. ಆಳಂದ ತಾಲ್ಲೂಕಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿ ದುಡಿದು ನಿವೃತ್ತನಾದ ನನ್ನನ್ನು ಹಳೆಯ ವಿದ್ಯಾರ್ಥಿಗಳು ಈ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಕೇಳುತ್ತಾರೆ: ಯಾವ ಚಾಕು ಕೊಳ್ಳಬೇಕು? ಈ ಎರಡು ಪ್ರಶ್ನೆಗಳಿಗೂ ಉತ್ತರ ಬಹುಮಟ್ಟಿಗೆ ಒಂದೇ ಎಂಬುದು ನನ್ನ ಅಭಿಪ್ರಾಯ. ಕೆಲಸವನ್ನು ಮುಂದಿಟ್ಟುಕೊಂಡು ಆರಿಸಿದ ಚಾಕು ಕೈಗೂ ಕಡಿಮೆ ಗಾಯ ಮಾಡುತ್ತದೆ, ಅದನ್ನು ಇಟ್ಟುಕೊಂಡವನನ್ನು ತೊಡಕಿಗೂ ಸಿಕ್ಕಿಸುವುದಿಲ್ಲ. ನಾಲ್ಕು ಜನರ ಎದುರು ತೆಗೆದು ತೋರಿಸಲೆಂದು ಕೊಂಡದ್ದು ಈ ಎರಡು ವಿಷಯದಲ್ಲೂ ಕೆಟ್ಟದ್ದು.

ಮೊದಲು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ರೂಪಿಸಿದ 2016ರ ನಿಯಮಗಳ ಅನುಸೂಚಿಯಲ್ಲಿ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕು, ಚೂರಿಗಳನ್ನು ಆಯುಧಗಳ ಸಾಲಿಗೆ ಸೇರಿಸಲಾಗಿದೆ. ಮನೆಬಳಕೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಯ ಉದ್ದೇಶಕ್ಕೆ ಮಾಡಿದವನ್ನು ಅದರಿಂದ ಹೊರಗಿಡಲಾಗಿದೆ. ಆದ್ದರಿಂದಲೇ ಮನೆಯ ಈಳಿಗೆಗಾಗಲಿ ಹೊಲದ ಕುಡಗೋಲಿಗಾಗಲಿ ಯಾರೂ ಪರವಾನಗಿ ಕೇಳುವುದಿಲ್ಲ. ಆದರೆ ಈ 9 ಇಂಚಿನ ಲೆಕ್ಕವನ್ನು ನಮ್ಮ ಹುಡುಗರು ತಪ್ಪಾಗಿ ಹಿಡಿದಿದ್ದಾರೆ; ಅದಕ್ಕಿಂತ ಚಿಕ್ಕದಿದ್ದರೆ ಎಲ್ಲಿ ಬೇಕಾದರೂ ಒಯ್ಯಬಹುದು ಎಂದುಕೊಂಡಿದ್ದಾರೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 35ನೆಯ ಪ್ರಕರಣದಂತೆ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾ ದಂಡಾಧಿಕಾರಿ ಒಂದು ಊರಿನಲ್ಲಿ, ನಿರ್ದಿಷ್ಟ ಅವಧಿಗೆ, ಚಾಕು ಮಾತ್ರವಲ್ಲ, ಲಾಠಿ ಮತ್ತು ಬಡಿಗೆಯನ್ನು ಸಹ ಒಯ್ಯದಂತೆ ಆದೇಶ ಹೊರಡಿಸಬಹುದು. ಚುನಾವಣೆ, ಮೆರವಣಿಗೆ, ಗಲಭೆಯ ಸಂದರ್ಭಗಳಲ್ಲಿ ಇಂತಹ ಆದೇಶಗಳು ಬರುತ್ತವೆ, ಆಗ ಎರಡಿಂಚಿನ ಅಲಗಿಗೂ ವಿನಾಯಿತಿ ಇರುವುದಿಲ್ಲ. ಇನ್ನು ಜಗಳದಲ್ಲಿ ಅದೇ ಚಾಕು ಕೈಗೆ ಬಂದು ಯಾರಿಗಾದರೂ ಗಾಯವಾದರೆ, ಅಪಾಯಕಾರಿ ಆಯುಧದಿಂದ ಗಾಯ ಮಾಡುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 118ನೆಯ ಪ್ರಕರಣಕ್ಕೆ ಅಲಗಿನ ಅಳತೆ ಬೇಕಾಗಿಯೇ ಇಲ್ಲ.

ಗುಂಡಿ ಒತ್ತಿದೊಡನೆ ಸ್ಪ್ರಿಂಗ್ ಬಲದಿಂದ ಚಿಮ್ಮಿ ತೆರೆದುಕೊಳ್ಳುವ ಚಾಕುಗಳನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ದೆಹಲಿ ಆಡಳಿತವು 1980ರಲ್ಲಿ ಹೊರಡಿಸಿದ ಅಧಿಸೂಚನೆಯು ಇಂತಹ ಯಾಂತ್ರಿಕವಾಗಿ ತೆರೆಯುವ ಚಾಕುಗಳಿಗೆ ಕೇವಲ 7.62 ಸೆಂಟಿಮೀಟರ್ ಉದ್ದ ಮತ್ತು 1.72 ಸೆಂಟಿಮೀಟರ್ ಅಗಲದ ಮಿತಿಯನ್ನು ಇಟ್ಟಿತು. ಅದು ದೆಹಲಿಗೆ ಮಾತ್ರ ಅನ್ವಯಿಸಿದರೂ, ಚಿಮ್ಮುವ ಚಾಕುವನ್ನು ಕಾನೂನು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಕೆಲಸದ ದೃಷ್ಟಿಯಿಂದಲೂ ಅದಕ್ಕೆ ಬೆಲೆಯಿಲ್ಲ. ಹಣ್ಣು ಹೆಚ್ಚಲು, ಸುತಳಿ ಕತ್ತರಿಸಲು ಯಾರಿಗೂ ಅರೆಕ್ಷಣದಲ್ಲಿ ಅಲಗು ತೆರೆಯಬೇಕಾದ ಅವಸರ ಇರುವುದಿಲ್ಲ. ಕಿಸೆಯಲ್ಲಿ ಕುಳಿತಾಗಲೋ ಬಗ್ಗಿದಾಗಲೋ ಆ ಗುಂಡಿ ತಾನಾಗಿ ಒತ್ತಿಕೊಂಡರೆ ತೊಡೆ ಸೀಳುವ ಅಪಾಯ ಬೇರೆ ಇದೆ. ಮೊಬೈಲಿನಲ್ಲಿ ಚಿತ್ರ ನೋಡಿ ಇಂತಹವನ್ನು ತರಿಸಿಕೊಳ್ಳುವ ಮಕ್ಕಳನ್ನು ತಂದೆತಾಯಂದಿರು ತಡೆಯಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬೀದರಿನ ಓದುಗರು ಸಿಖ್ಖರು ಧರಿಸುವ ಚೂರಿಯಾದ ಕಿರ್ಪಾಣದ ಬಗ್ಗೆ ಕೇಳಬಹುದು. ಸಿಖ್ಖರು ಕಿರ್ಪಾಣ ಧರಿಸುವುದು ಅವರ ಧರ್ಮಾಚರಣೆಯ ಭಾಗವೆಂದು ಸಂವಿಧಾನದ 25ನೆಯ ವಿಧಿಯ ವಿವರಣೆಯೇ ಹೇಳಿದೆ. ಬೀದರಿನ ನಾನಕ್ ಝೀರಾ ಸಾಹಿಬ್ ಗುರುದ್ವಾರಕ್ಕೆ ಬರುವ ಸಿಖ್ ಭಕ್ತರದು ಆ ಹಕ್ಕು. ಯಾತ್ರೆಯ ನೆನಪಿಗೆಂದು ಬೇರೆಯವರು ಕೊಂಡು ಕಿಸೆಗೆ ಹಾಕಿಕೊಳ್ಳುವ ಅಲಂಕಾರದ ಚೂರಿಯನ್ನು ಅದರೊಂದಿಗೆ ಬೆರೆಸಬಾರದು.

ಇನ್ನು ಆಯ್ಕೆ. ನಮ್ಮ ಜನರ ದಿನದ ಕೆಲಸಗಳನ್ನು ನೋಡಿ: ತೊಗರಿ ಚೀಲದ ಬಾಯಿಯ ಸುತಳಿ ಬಿಡಿಸುವುದು, ಗೊಬ್ಬರದ ಚೀಲದ ನೈಲಾನ್ ದಾರ ಕತ್ತರಿಸುವುದು, ಹನಿ ನೀರಾವರಿಯ 16 ಮಿಲಿಮೀಟರ್ ಪೈಪನ್ನು ನೇರವಾಗಿ ಕೊಯ್ಯುವುದು, ಹಗ್ಗ ಕೊರಳಿಗೆ ಸುತ್ತಿಕೊಂಡ ಎಮ್ಮೆಯನ್ನು ಬಿಡಿಸುವುದು, ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯುವುದು, ಪೇರಲ ಹಣ್ಣೋ ಸವತಿಕಾಯಿಯೋ ಹೆಚ್ಚುವುದು. ಇವುಗಳಲ್ಲಿ ಒಂದಕ್ಕೂ ಮೂರು ಇಂಚಿಗಿಂತ ಉದ್ದದ ಅಲಗು ಬೇಕಿಲ್ಲ. ಎರಡೂವರೆಯಿಂದ ಮೂರು ಇಂಚು ಸಾಕು. ಹಿಡಿ ಮಾತ್ರ ನಾಲ್ಕೂ ಬೆರಳು ಕೂರುವಷ್ಟು ಉದ್ದವಿರಬೇಕು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟಿದಾಗ ಅಂಗೈ ಬೆವರುವುದರಿಂದ, ನುಣುಪಾದ ಬರಿಯ ಉಕ್ಕಿನ ಹಿಡಿ ಜಾರುತ್ತದೆ. ಮರದ ಹಿಡಿ ಕೈಗೆ ಹಿತ, ಆದರೆ ನೆನೆದರೆ ಉಬ್ಬಿ ಕೆಲವು ಚಾಕುಗಳ ಕೀಲನ್ನು ಬಿಗಿಸುತ್ತದೆ. ಒರಟು ಮೇಲ್ಮೈಯ ಗಟ್ಟಿ ಪ್ಲಾಸ್ಟಿಕ್ ಹಿಡಿಗೆ ಈ ಎರಡು ದೋಷಗಳೂ ಇಲ್ಲ.

ಮಡಚುವ ಚಾಕುವಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡುವುದು ಕೀಲಿನ ಕಡೆಗೆ. ಸಾದಾ ಚಾಕುವಿನಲ್ಲಿ ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುವುದು ಹಿಡಿಯ ಬೆನ್ನಿನ ಸ್ಪ್ರಿಂಗ್ ಪಟ್ಟಿ ಮಾತ್ರ. ಮೊನೆಯಿಂದ ಚುಚ್ಚಿದರೆ ಅಥವಾ ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದರೆ ಅದು ಮಡಚಿಕೊಂಡು ಬೆರಳಿನ ಮೇಲೆ ಬೀಳುತ್ತದೆ. ಹಣ್ಣಿಗೆ, ದಾರಕ್ಕೆ ಇದು ಸಾಕು. ಡ್ರಮ್ಮಿನ ಮುಚ್ಚಳಕ್ಕೆ ತೂತು ಮಾಡುವಂತಹ ಚುಚ್ಚುವ ಕೆಲಸಕ್ಕೆ ಅದನ್ನು ಎಂದೂ ಬಳಸಬಾರದು. ಅಂತಹ ಕೆಲಸ ದಿನವೂ ಇರುವವರು ಅಲಗನ್ನು ಬಂಧಿಸುವ ಲಾಕ್ ಇರುವುದನ್ನೇ ಕೊಳ್ಳಬೇಕು. ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್ ಎಂಬ ಮರದ ಹಿಡಿಯ ಚಾಕುವಿಗೆ 1955ರಲ್ಲಿ ಒಂದು ತಿರುಗುವ ಉಕ್ಕಿನ ಉಂಗುರವನ್ನು ಅಳವಡಿಸಿದರು. ಉಂಗುರ ತಿರುಗಿಸಿದರೆ ಅಲಗು ಮಡಚಲಾರದು. ಅಷ್ಟು ಸರಳವಾದ ಉಪಾಯವನ್ನು ನಮ್ಮ ಫಿಟ್ಟರ್ ಹುಡುಗರು ಲೇತಿನ ಮೇಲೆ ತಾವೇ ಮಾಡಬಲ್ಲರು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಆರಂಭಿಸಿದ ಚಾಕು ತಯಾರಿಕೆಯ ಕಾರ್ಯಾಗಾರದಿಂದ ಬೆಳೆದ ವಿಕ್ಟೋರಿನಾಕ್ಸ್ ಕಂಪನಿಯ ಕೆಂಪು ಹಿಡಿಯ ಚಾಕುವನ್ನು ಬಹಳ ಜನ ಬಲ್ಲರು; 1891ರಿಂದ ಆ ದೇಶದ ಸೈನಿಕರಿಗೆ ಎಲ್ಸೆನರ್ ಚಾಕು ಒದಗಿಸಿದರು. ಸೈನಿಕನ ಚಾಕು ಎಂದರೆ ಭರ್ಜಿಯಂತಹದ್ದು ಎಂದು ಭಾವಿಸುವವರು ಇದನ್ನು ನೋಡಬೇಕು: ಒಂದು ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂ ಡ್ರೈವರ್ ಮತ್ತು ದಬ್ಬಣ, ಇಷ್ಟೇ ಆ ಮೊದಲ ಚಾಕುವಿನಲ್ಲಿ ಇದ್ದದ್ದು.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಸುಲಭ. ಮಡಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಿರಬೇಕು. ಬೆರಳನ್ನು ಅಂಚಿನ ಮೇಲೆ ಆಡಿಸಿದರೆ ಏನೂ ತಾಗಬಾರದು. ತೆರೆದು ಅಲಗನ್ನು ಎಡಬಲಕ್ಕೆ ಅಲುಗಿಸಿದಾಗ ಕೀಲು ಸಡಿಲವಾಗಿ ಕುಣಿಯಬಾರದು. ಉಗುರು ಸಿಕ್ಕಿಸುವ ಗೀರು ಸ್ಪಷ್ಟವಾಗಿರಬೇಕು, ಮಡಚುವಾಗ ಅಲಗು ಮಧ್ಯದಲ್ಲೇ ಇಳಿಯಬೇಕು. ಹತ್ತಾರು ಉಪಕರಣ ತುಂಬಿದ ಅಗ್ಗದ ನಕಲುಗಳನ್ನು ಬಿಟ್ಟು, ಅದೇ ಹಣಕ್ಕೆ ಒಂದೇ ಅಲಗಿನ ಒಳ್ಳೆಯ ಚಾಕುವನ್ನು ಕೊಳ್ಳುವುದು ಮೇಲು.

ಉಕ್ಕಿನ ವಿಷಯದಲ್ಲಿ ತುಸು ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. ಕನಿಷ್ಠ 10.5 ಶೇಕಡ ಕ್ರೋಮಿಯಂ ಇರುವ ಉಕ್ಕನ್ನು ಸ್ಟೇನ್‌ಲೆಸ್ ಎನ್ನುತ್ತಾರೆ. ಅದಕ್ಕೆ ತುಕ್ಕು ಬೇಗ ಹತ್ತದು. ಆದರೆ ಬಾಯಿ ಹರಿತವಾಗಿ ಉಳಿಯುವುದು ಇಂಗಾಲದ ಪ್ರಮಾಣ ಮತ್ತು ಹದ ಹಾಕಿದ ರೀತಿಯಿಂದ, ಹೊಳಪಿನಿಂದಲ್ಲ. ಕೈಯಲ್ಲಿ ಕೆಲಸ ಉಳಿದಿರುವ ನಮ್ಮ ಹಳ್ಳಿಗಳ ಕಮ್ಮಾರರು ಲಾರಿಯ ಹಳೆಯ ಕಮಾನುಪಟ್ಟಿಯಿಂದ ಬಡಿದು ಕೊಡುವ ಚಾಕುವಿಗೆ ತುಕ್ಕು ಹಿಡಿಯುತ್ತದೆ ನಿಜ, ಆದರೆ ಅದು ಹೊಳೆಯುವ ಅಗ್ಗದ ಚಾಕುಗಳಿಗಿಂತ ಎಷ್ಟೋ ಹೆಚ್ಚು ಕಾಲ ಕೊಯ್ಯುತ್ತದೆ. ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದ ಅಲಗು ಗಾಜಿನಷ್ಟು ಪೆಡಸಾಗಿರುತ್ತದೆ; ಅದನ್ನು ಮತ್ತೆ ಮೆಲ್ಲಗೆ ಕಾಸಿದಾಗ ಉಜ್ಜಿ ಬೆಳ್ಳಗಾದ ಮೇಲ್ಮೈಯಲ್ಲಿ ಬಣ್ಣಗಳು ಓಡುತ್ತವೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, ಅದರ ಮೇಲೆ ಕಂದು, ನೇರಳೆ, 300ರ ಹೊತ್ತಿಗೆ ನೀಲಿ. ಚಾಕುವಿನ ಬಾಯಿಗೆ ಹಳದಿಯಲ್ಲಿ ನಿಲ್ಲಿಸಬೇಕು, ನೀಲಿಗೆ ಬಂದರೆ ಮೆತ್ತಗಾಗುತ್ತದೆ. ಇದನ್ನು ಥರ್ಮಾಮೀಟರ್ ಇಲ್ಲದೆ ಕುಲುಮೆಯ ಮಬ್ಬು ಬೆಳಕಿನಲ್ಲಿ ಕಣ್ಣಿನಿಂದಲೇ ಅಳೆಯುವ ಕಮ್ಮಾರರ ವಿದ್ಯೆಯನ್ನು ನಾನು ಅತ್ಯಂತ ಗೌರವದಿಂದ ಕಾಣುತ್ತೇನೆ.

ಆ ಹದವನ್ನು ಕರೆಂಟಿನ ಗ್ರೈಂಡರ್ ಒಂದು ನಿಮಿಷದಲ್ಲಿ ಹಾಳು ಮಾಡುತ್ತದೆ. ಕಿಡಿ ಹಾರಿಸುತ್ತ, ನೀರಿನಲ್ಲಿ ಅದ್ದದೆ ಸಾಣೆ ಹಿಡಿದರೆ ಅಂಚು ನೀಲಿಯಾಗುತ್ತದೆ. ಅಂದು ಚೂಪಾಗಿ ಕಂಡರೂ ಕೆಲವೇ ದಿನಗಳಲ್ಲಿ ಮೊಂಡಾಗುತ್ತದೆ. ಗ್ರೈಂಡರಿಗೆ ಕೊಡಲೇಬೇಕಾದರೆ ಪಕ್ಕದಲ್ಲಿ ನಿಂತು, ಮೇಲಿಂದ ಮೇಲೆ ನೀರಿಗೆ ಅದ್ದಿಸಬೇಕು. ವರ್ಕ್‌ಶಾಪ್‌ಗಳಲ್ಲಿ ಮುರಿದ ಹ್ಯಾಕ್ಸಾ ಬ್ಲೇಡನ್ನು ಉಜ್ಜಿ, ಒಂದು ತುದಿಗೆ ಟೇಪು ಸುತ್ತಿ ಚಾಕು ಮಾಡಿಕೊಳ್ಳುವ ರೂಢಿಯೂ ಇದೆ. ಪೂರ್ತಿ ಗಡಸಾದ ಆ ಬ್ಲೇಡು ಬಾಗದೆ ಸಿಡಿದು ಒಡೆಯುತ್ತದೆ, ಚೂರು ಕಣ್ಣಿಗೆ ಹಾರುತ್ತದೆ. ಒರೆಯೂ ಇಲ್ಲದ ಅದನ್ನು ಕಿಸೆಗೆ ಹಾಕಿಕೊಳ್ಳುವುದನ್ನು ತರಬೇತುದಾರರು ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

ಮನೆಯಲ್ಲಿ ಚಾಕು ಮಸೆಯಲು ನಮ್ಮ ಕಡೆ ಬಹುತೇಕರು ಬಾಗಿಲ ಮುಂದಿನ ಶಹಾಬಾದ್ ಹಾಸುಗಲ್ಲಿನ ಮೇಲೆ ಉಜ್ಜುತ್ತಾರೆ. ಅದು ಸುಣ್ಣದಕಲ್ಲು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನದಲ್ಲಿ ಸುಣ್ಣದಕಲ್ಲಿನ ಮುಖ್ಯ ಖನಿಜಕ್ಕೆ 3, ಹದ ಹಾಕಿದ ಉಕ್ಕಿಗೆ ಸುಮಾರು 6. ಉಕ್ಕಿಗಿಂತ ಮೆತ್ತಗಿನ ಕಲ್ಲು ಉಕ್ಕನ್ನು ತೇಯಲಾರದು. ಕಲ್ಲಿನ ಮೇಲೆ ಉಳಿಯುವ ಗೀರು ಕಲ್ಲಿನದೇ ಸವೆತ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಮಗ್ಗುಲು ಒರಟು, ಇನ್ನೊಂದು ನುಣುಪು ಇರುವ ಕಾರ್ಬೊರಂಡಮ್ ಸಾಣೆಕಲ್ಲನ್ನು ತಂದು, ನೀರು ಹಾಕಿ, ಅಲಗನ್ನು ಕಲ್ಲಿಗೆ ಸುಮಾರು 20 ಡಿಗ್ರಿ ಓರೆಯಾಗಿ ಹಿಡಿದು, ಎರಡೂ ಮಗ್ಗುಲನ್ನು ಸಮನಾಗಿ ಮಸೆಯಬೇಕು. ಕಲ್ಲು ಇಲ್ಲದಾಗ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಮೆರುಗಿಲ್ಲದ ಉಂಗುರದ ಮೇಲೆ ಹಗುರವಾಗಿ ಎಳೆದರೂ ಕೆಲಸ ನಡೆಯುತ್ತದೆ. ಹರಿತವನ್ನು ಹೆಬ್ಬೆರಳಿನಿಂದ ನೋಡುವುದು ಬೇಡ, ಹಣ್ಣಾದ ಟೊಮೆಟೊ ಸಿಪ್ಪೆ ಒತ್ತದೆ ಕೊಯ್ದರೆ ಆಯಿತು. ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಕೈ ಜಾರಿದಾಗಲೇ ಆಳವಾದ ಗಾಯಗಳಾಗುತ್ತವೆ.

ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಕೈಗೆ ಸಿಗುವುದು ಕುಸುಬೆ ಎಣ್ಣೆ. ಅಡುಗೆಗೆ ಅದು ಶ್ರೇಷ್ಠ, ಕೀಲಿಗೆ ಮಾತ್ರ ಒಳ್ಳೆಯದಲ್ಲ. ಗಾಳಿಗೆ ಒಣಗಿ ಪದರಗಟ್ಟುವ ಗುಣ ಅದಕ್ಕಿರುವುದರಿಂದಲೇ ಬಣ್ಣದ ತಯಾರಿಕೆಯಲ್ಲಿಯೂ ಅದನ್ನು ಬಳಸುತ್ತಾರೆ. ಕೀಲಿನೊಳಗೆ ಒಣಗಿದರೆ ಅಲಗು ಅಂಟಿಕೊಂಡು, ಬಲವಂತವಾಗಿ ತೆರೆಯುವಾಗ ಕೈ ಕೊಯ್ಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಕೀಲಿಗೆ ಸಾಕು. ಹಣ್ಣು ಹೆಚ್ಚುವ ಅಲಗನ್ನು ತೊಳೆದು ಒರೆಸಿ ಒಣಗಿಸಿದರೆ ಸಾಕಾಗುತ್ತದೆ. ಮಾವಿನಕಾಯಿ, ನಿಂಬೆ ಕೊಯ್ದ ನಂತರ ಇದನ್ನು ತಪ್ಪಿಸಬಾರದು.

ಒಯ್ಯುವ ರೀತಿಗೆ ಬಂದರೆ, ಅಂಗಿಯ ಮೇಲ್ಗಿಸೆಯಲ್ಲಿ ಇಟ್ಟ ಚಾಕು ಬಗ್ಗಿದಾಗ ಬಾವಿಗೋ ಮೇವಿನ ರಾಶಿಗೋ ಬೀಳುತ್ತದೆ. ಮೇವಿನ ಜೊತೆ ದನದ ಹೊಟ್ಟೆಗೆ ಲೋಹ ಹೋದರೆ ಅದು ಪ್ರಾಣಕ್ಕೇ ಎರವಾದೀತು. ಪ್ಯಾಂಟಿನ ಆಳವಾದ ಕಿಸೆ ಅಥವಾ ಧೋತರ ಉಡುವವರಿಗೆ ಬನಿಯನ್ನಿನ ಒಳಕಿಸೆ ಸರಿ, ಹಿಡಿಗೆ ಒಂದು ದಾರ ಕಟ್ಟಿದ್ದರೆ ಇನ್ನೂ ಒಳ್ಳೆಯದು. ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಬೇಕು. ದಿನವಿಡೀ ರಟ್ಟಿನ ಪೆಟ್ಟಿಗೆ ತೆರೆಯುವ ಅಂಗಡಿಯವರಿಗೆ, 1956ರಲ್ಲಿ ಜಪಾನಿನಲ್ಲಿ ರೂಪುಗೊಂಡ, ಮೊಂಡಾದ ತುದಿಯನ್ನು ಮುರಿದು ಬಳಸುವ ಕಟರ್, ಮಡಚುವ ಚಾಕುವಿಗಿಂತ ಉತ್ತಮ. ಆದರೆ ಮುರಿದ ತುಂಡುಗಳನ್ನು ಬೀದಿಗೆ ಎಸೆಯದೆ ಡಬ್ಬಿಯಲ್ಲಿ ಕೂಡಿಡಬೇಕು. ಕಸ ಆರಿಸುವ ಪೌರಕಾರ್ಮಿಕರ ಕೈಗಳನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ಕೋರ್ಟು, ಹೈಕೋರ್ಟ್ ಪೀಠ, ಪರೀಕ್ಷಾ ಕೇಂದ್ರ, ಮತಗಟ್ಟೆ, ಶಾಲೆ, ಜಾತ್ರೆ ಮತ್ತು ಉರುಸಿನ ಜನಜಂಗುಳಿಗೆ ಹೋಗುವಾಗ ಚಾಕು ಮನೆಯಲ್ಲೇ ಇರಬೇಕು. ಶರಣಬಸವೇಶ್ವರರ ರಥೋತ್ಸವಕ್ಕೋ ಬಂದೇನವಾಜರ ದರ್ಗಾಕ್ಕೋ ಹೋದವರಿಗೆ ಅಲ್ಲಿ ಅದರ ಕೆಲಸವೇನೂ ಇಲ್ಲ. 2019ರಲ್ಲಿ ಕಲಬುರಗಿಗೆ, 2020ರಲ್ಲಿ ಬೀದರ್‌ಗೆ ವಿಮಾನ ಬಂದ ಮೇಲೆ ಮೊದಲ ಬಾರಿ ವಿಮಾನ ಹತ್ತುವವರು ನಮ್ಮಲ್ಲಿ ಬಹಳ ಜನರಿದ್ದಾರೆ. ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ, ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಚೀಲದೊಳಗೆ ಸುತ್ತಿ ಇಡಬೇಕು.

ಹೊಲದಲ್ಲಿ ಚಾಕು ಇಟ್ಟುಕೊಳ್ಳುವವರಿಗೆ ತಿಳಿದಿರಲೇಬೇಕಾದ, ಜೀವ ಉಳಿಸುವ ಸಂಗತಿ ಇನ್ನೊಂದಿದೆ. ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಕೊಯ್ದು ರಕ್ತ ಹರಿಸುವ ಪದ್ಧತಿ ಹಳ್ಳಿಗಳಲ್ಲಿ ಪೂರ್ತಿ ಅಳಿದಿಲ್ಲ. ಹಾಗೆ ಕೊಯ್ಯುವುದರಿಂದ ವಿಷ ಹೊರಬರುವುದಿಲ್ಲ. ಕೊಳಕು ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ, ಕೊಯ್ದ ಗಾಯದ ರಕ್ತ ನಿಲ್ಲದೆ ಹೋಗುತ್ತದೆ, ನಂಜೂ ಆಗುತ್ತದೆ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ, ತಡ ಮಾಡದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಚಾಕುವಿನಿಂದಲೇ ಕೈ ಕೊಯ್ದುಕೊಂಡಾಗ ಅರಿಸಿನವನ್ನೋ ಕಾಫಿ ಪುಡಿಯನ್ನೋ ತುಂಬದೆ, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಕಲಬುರಗಿ ನಗರದ ಪೊಲೀಸ್ ಕಮಿಷನರ್ ಅವರಲ್ಲಿ, ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲಾಡಳಿತಗಳಲ್ಲಿ ನನ್ನ ವಿನಂತಿ ಇಷ್ಟು: ಆಯುಧ ಒಯ್ಯುವುದನ್ನು ನಿಷೇಧಿಸಿ ಆದೇಶ ಹೊರಡಿಸಿದಾಗ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಪ್ರದೇಶದಲ್ಲಿ ಎಂಬುದನ್ನು ಸರಳ ಕನ್ನಡದಲ್ಲಿ ಮತ್ತು ಉರ್ದುವಿನಲ್ಲಿ ಬರೆದು ನೆಹರು ಗಂಜ್, ಸೂಪರ್ ಮಾರ್ಕೆಟ್, ಬಸ್ ನಿಲ್ದಾಣ ಮತ್ತು ಚಾಕು ಮಾರುವ ಅಂಗಡಿಗಳ ಮುಂದೆ ಹಚ್ಚಿಸಬೇಕು. ಹಳ್ಳಿಯಿಂದ ತೊಗರಿ ತಂದ ರೈತನಿಗೆ ಆದೇಶ ಇದೆಯೆಂದು ತಿಳಿಯುವುದೇ ಸಿಕ್ಕಿಬಿದ್ದ ಮೇಲೆ ಎಂಬಂತಾಗಬಾರದು. ಅದೇ ಅಂಗಡಿಗಳವರು ಶಾಲಾ ಮಕ್ಕಳಿಗೆ ಚಾಕು ಮಾರದಂತೆಯೂ, ಚಿಮ್ಮುವ ಚಾಕುಗಳನ್ನು ತರಿಸದಂತೆಯೂ ನೋಡಿಕೊಳ್ಳಬೇಕು.

ತಮ್ಮ ಪತ್ರಿಕೆಯಲ್ಲಿ ಕೇಳಿಕೊಳ್ಳುವುದು ಒಂದಿದೆ. ತಪಾಸಣೆಯಲ್ಲಿ ಚಾಕು ವಶಪಡಿಸಿಕೊಂಡ ಸುದ್ದಿಯನ್ನು ಪ್ರಕಟಿಸುವಾಗ, ಅದು ಎಷ್ಟು ಉದ್ದದ ಅಲಗಿನದು, ಮಡಚುವುದೋ ಚಿಮ್ಮುವುದೋ, ಆಗ ನಿಷೇಧಾಜ್ಞೆ ಜಾರಿಯಲ್ಲಿತ್ತೋ ಇಲ್ಲವೋ ಎಂಬುದನ್ನು ಪೊಲೀಸರಿಂದ ಕೇಳಿ ಸೇರಿಸಬೇಕು. ಈಗ ಎಲ್ಲವೂ ‘ಮಾರಕಾಸ್ತ್ರ’ ಎಂದೇ ಅಚ್ಚಾಗುತ್ತಿವೆ.

ಇತಿ,
ನಿವೃತ್ತ ಫಿಟ್ಟರ್ ಬೋಧಕ,
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ